ಊರವರ ಕೊಡೆಗಳ ಹಿಂದೆ ನಮ್ಮವರು

ನಮ್ಮವರನ್ನು ನಾನು ಮೊದಲು ನೋಡಿದ್ದು ನನ್ನ ತರಗತಿಯ ಬಾಗಿಲಲ್ಲಿ. ಕೈಯಲ್ಲಿ ನನ್ನದೇ ಕೊಡೆ ಹಿಡಿದು ನಿಂತಿದ್ದರು.

ಆಗ ನಾನು ಹೊಸದಾಗಿ ಇಂಗ್ಲಿಷ್ ಟೀಚರ್ ಆಗಿದ್ದೆ. ಆ ದಿನದ ಪಾಠ, ಅಕ್ಕತಂಗಿಯರಂತೆ ಕಾಣುವ ಇಂಗ್ಲಿಷ್ ಪದಗಳು. ಜಾಬ್, ವರ್ಕ್, ಪ್ರೊಫೆಷನ್ ಒಂದು ಮನೆಯವು. ಹಾಬಿ, ಪಾಸ್‌ಟೈಮ್ ಪಕ್ಕದ ಮನೆಯವು. ಚೇಸ್ ಮತ್ತು ಪರ್ಸ್ಯೂಟ್ ಮನೆಯಲ್ಲಿ ನಿಲ್ಲದೆ ಬೀದಿಯಲ್ಲಿ ಓಡುವಂಥವು. ಅವುಗಳನ್ನು ಬೇರ್ಪಡಿಸಿ ಮಕ್ಕಳಿಗೆ ಪರಿಚಯ ಮಾಡಿಕೊಡುತ್ತಿದ್ದೆ. "ಸಂಬಳಕ್ಕೆ ಮಾಡುವುದು ಜಾಬ್. ಸಂಬಳ ಬರಲಿ ಬಿಡಲಿ, ಮೈ ಬಗ್ಗಿಸಲೇಬೇಕಾದದ್ದು ವರ್ಕ್. ಅದಕ್ಕೆಂದೇ ಓದಿ, ಬಾಗಿಲಿಗೆ ಹಲಗೆ ಹಾಕಿಕೊಂಡು ಮಾಡುವುದು ಪ್ರೊಫೆಷನ್. ಯಾರೂ ಕೇಳದಿದ್ದರೂ ಖುಷಿಗೆ ಮಾಡುವುದು ಹಾಬಿ." ಇಷ್ಟು ಹೇಳಿ, ಪರ್ಸ್ಯೂಟ್ ಬರೆಯಲು ಸೀಮೆಸುಣ್ಣ ಎತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು.

"ಕ್ಷಮಿಸಿ. ನಿನ್ನೆ ಬಸ್ಸಲ್ಲಿ ಕೊಡೆ ಬಿಟ್ಟವರು ನೀವೇನಾ?"

"ಹೌದು, ಅದು ನಂದೇ. ಕೊಡಿ."

"ಕೊಡ್ತೀನಿ. ಇದರ ದೋಷ ಏನು ಹೇಳಿ."

"ದೋಷವಾ? ಕಪ್ಪು ಬಟ್ಟೆ, ಮರದ ಹಿಡಿ. ಒಳ್ಳೇ ಗಟ್ಟಿ ಕೊಡೆ."

"ಅದನ್ನ ದೂರದಿಂದ ನೋಡಿದೋರೂ ಹೇಳ್ತಾರೆ ಮೇಡಂ. ವಸ್ತುವಿನ ಚೆಂದ ಎಲ್ಲರಿಗೂ ಕಾಣುತ್ತೆ. ದೋಷ ಗೊತ್ತಿರೋದು ಮಾಲೀಕರಿಗೆ ಮಾತ್ರ. ನಮ್ಮ ಕಚೇರೀಲಿ ಹಾಗೇ ಕೇಳೋದು."

"ನನ್ನ ಕೊಡೆಗೆ ಯಾವ ದೋಷಾನೂ ಇಲ್ಲ."

"ಹಾಗಾದ್ರೆ ಇದು ನಿಮ್ಮದಲ್ಲ" ಎಂದು ಅವರು ವಿನಯದಿಂದಲೇ ತಿರುಗಿ ಹೊರಟರು.

ಹಿಂದಿನ ಬೆಂಚಿನಿಂದ ಒಂದು ದನಿ ಎದ್ದಿತು. "ಮಿಸ್, ಒಂದು ಕಡ್ಡಿ ಮುರಿದಿದೆಯಲ್ಲ. ನೀವು ಅದಕ್ಕೆ ತಲೆಪಿನ್ನು ಸಿಕ್ಕಿಸಿದ್ದೀರಲ್ಲ." ಇಡೀ ತರಗತಿ "ಹೌದು ಮಿಸ್" ಎಂದು ಸಾಕ್ಷಿ ನುಡಿಯಿತು. ವರ್ಷವಿಡೀ ಬಾಯಿ ಬಿಡದ ಮಕ್ಕಳು ಕೂಡ ಅಂದು ಬಾಯಿಬಿಟ್ಟವು. ಅವರು ಕೊಡೆ ಬಿಚ್ಚಿ, ಪಿನ್ನು ನೋಡಿ, ನನ್ನ ಕೈಗಿತ್ತರು.

ನಾನೆಲ್ಲಿದ್ದೇನೆಂದು ಹೇಗೆ ತಿಳಿಯಿತೆಂದು ಕೇಳಿದೆ. ಹಿಡಿಯ ಮೇಲೆ ಸೀಮೆಸುಣ್ಣದ ಪುಡಿ ಇತ್ತಂತೆ. ಆ ಬಸ್ಸಿನ ದಾರಿಯಲ್ಲಿರುವ ಶಾಲೆಗಳನ್ನೆಲ್ಲ ಬೆಳಗಿನಿಂದ ಒಂದೊಂದಾಗಿ ಹತ್ತಿಳಿದು ಬಂದಿದ್ದರಂತೆ.

"ಕಚೇರಿಯವರು ಕಳಿಸಿದ್ರಾ?"

"ಇಲ್ಲ. ನನಗೆ ಇವತ್ತು ರಜ."

ರಜದ ದಿನ ಅಪರಿಚಿತೆಯ ಕೊಡೆಗಾಗಿ ಇಷ್ಟು ಓಡುವವರು ಕಟ್ಟಿಕೊಂಡ ಹೆಂಡತಿಗಾಗಿ ಎಷ್ಟು ಓಡಬಹುದು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. (ಲೆಕ್ಕ ತಪ್ಪಿತು. ನಾನು ಭಾಷೆಯ ಟೀಚರ್. ಲೆಕ್ಕ ನನ್ನ ವಿಷಯವಲ್ಲ.)

ಹೀಗೆ ನಮ್ಮ ಮದುವೆಯಾಯಿತು. ಬಸ್ ಡಿಪೋದಲ್ಲಿ ಕಳೆದುಹೋದ ವಸ್ತುಗಳ ವಿಭಾಗ ಅವರದು. ಜನ ಬಸ್ಸಿನಲ್ಲಿ ಮರೆತು ಹೋದದ್ದಕ್ಕೆಲ್ಲ ಚೀಟಿ ಕಟ್ಟಿ, ಗೂಡಿನಲ್ಲಿಟ್ಟು, ಕಿಟಕಿಯ ಹಿಂದೆ ಕೂತು ಕಾಯುವುದು. ಸರ್ಕಾರ ಅವರಿಗೆ ಸಂಬಳ ಕೊಡುತ್ತಿದ್ದದ್ದು ಕೂರುವುದಕ್ಕೆ. ನಮ್ಮವರಿಗೆ ಕೂರುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು. ಸಂಜೆ ಕಚೇರಿ ಮುಚ್ಚಿದ ಮೇಲೆ ಯಾರದೋ ಕೊಡೆಯನ್ನು ಬಗಲಿಗಿರಿಸಿಕೊಂಡು ಮಾಲೀಕರ ಬೇಟೆಗೆ ಹೊರಡುತ್ತಿದ್ದರು. ಬೀದಿಯವರು ಅವರಿಗೆ 'ಕೊಡೆಯಪ್ಪ' ಎಂದು ಹೆಸರಿಟ್ಟರು. ನನ್ನ ಶಾಲೆಯಲ್ಲಿ ನಾನು 'ಕೊಡೆಯಮ್ಮ ಮಿಸ್' ಆದೆ.

ಒಮ್ಮೆ ಊಟದ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಏನನ್ನೋ ಇಟ್ಟು ಬಿಚ್ಚಿದರು. ಒಂದು ಸೆಟ್ಟು ಕಟ್ಟಿಸಿದ ಹಲ್ಲು. "ಇದರ ಮಾಲೀಕರು ಈ ಹೊತ್ತು ಏನು ತಿಂತಿರಬಹುದು ಹೇಳು" ಎಂದರು. ಅವರು ಏನು ತಿನ್ನುತ್ತಿದ್ದರೋ ಕಾಣೆ. ನಾವಂತೂ ಏನೂ ತಿನ್ನಲಿಲ್ಲ. ಇನ್ನೊಮ್ಮೆ ಎಡಗಾಲಿನ ಬೂಟೊಂದು ಸಿಕ್ಕಿತು. ನೆಂಟರ ಮದುವೆಯಲ್ಲಿ ಎಲ್ಲರೂ ಮದುಮಕ್ಕಳ ಮುಖ ನೋಡುತ್ತಿದ್ದರೆ ಇವರು ತಲೆ ತಗ್ಗಿಸಿ ಅತಿಥಿಗಳ ಬಲಗಾಲು ನೋಡುತ್ತ ಸಭೆಯಿಡೀ ಸುತ್ತಿದರು. ಅಳಿಯ ಬಹಳ ನಾಚಿಕೆಯ ಮನುಷ್ಯ ಎಂದು ನಮ್ಮ ದೊಡ್ಡಮ್ಮ ಮೆಚ್ಚಿಕೊಂಡರು. ಮಗಳ ಶಾಲೆಯ ಬಹುಮಾನದ ದಿನ ದಾರಿಯಲ್ಲಿ ಯಾರದೋ ಊಟದ ಡಬ್ಬಿಯ ಹಿಂದೆ ಬಸ್ಸಿಳಿದವರು, ಅವಳ ಬಹುಮಾನ ಮನೆಯ ಕಪಾಟು ಸೇರಿದ ಮೇಲೆ ಬಂದರು. "ಅಪ್ಪ ಹೊರಡೋದು ನಮ್ಮ ಜತೆ, ತಲುಪೋದು ಬೇರೆಯವರ ಮನೆಗೆ" ಎಂದಳು ಮಗಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನಾನು ಆಗಾಗ ಸುಮ್ಮನೆ, ಯಾರನ್ನೂ ನೋಡದೆ, ಹೇಳುತ್ತಿದ್ದೆ.

ನಮ್ಮ ಮನೆಯ ಎದುರಿಗೇ ಬಸ್ ನಿಲ್ದಾಣ. ಮನೆ ಹುಡುಕುವಾಗ ಅವರು ನೋಡಿದ್ದು ಅದೊಂದನ್ನೇ. (ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ನೋಡಿದವಳು ನಾನು.)

ವರ್ಷಗಳು ಉರುಳಿದವು. ನಾನು ನಿವೃತ್ತಳಾದೆ, ಅವರೂ ನಿವೃತ್ತರಾದರು. ಆದರೆ ಓಟ ನಿವೃತ್ತವಾಗಲಿಲ್ಲ. ಆಗಲೇ ಒಂದು ಸಂಜೆ, ಶಾಲಾ ಪುಸ್ತಕಗಳನ್ನು ಮುದ್ರಿಸುವ ಪ್ರೆಸ್ಸಿನ ಯಜಮಾನರು ನಮ್ಮ ಮನೆಗೆ ಬಂದರು. ನನ್ನ ಆ ಪದಗಳ ಪಾಠವನ್ನು ಅವರ ಮಗಳು ಇಂದಿಗೂ ನೆನೆಯುತ್ತಾಳಂತೆ. ಅದನ್ನು ಮಕ್ಕಳ ಅಭ್ಯಾಸ ಪುಸ್ತಕವಾಗಿ ಬರೆದುಕೊಡಿ ಎಂದರು.

ಜೀವಮಾನವಿಡೀ ಬೇರೆಯವರ ಪುಸ್ತಕಕ್ಕೆ ಕೆಂಪು ಗೆರೆ ಎಳೆದವಳು ನಾನು. ರಟ್ಟಿನ ಮೇಲೆ ನನ್ನ ಹೆಸರಿರುವ ಒಂದು ಪುಸ್ತಕ ಬರಬೇಕೆಂಬ ಆಸೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಕೈಬರಹದಲ್ಲೇ ಬರೆದೆ, ಒಂದೇ ಪ್ರತಿ. ಪ್ರತಿಯೊಂದು ಪದಕ್ಕೂ ಉದಾಹರಣೆಯ ವಾಕ್ಯ ಬೇಕಲ್ಲ. ಉದಾಹರಣೆಗಳನ್ನು ದೂರ ಹುಡುಕುವುದೇಕೆ? ಮಗಳು ಹಲ್ಲಿನ ಡಾಕ್ಟರು, ಪ್ರೊಫೆಷನ್ ಅವಳ ಪಾಲಿಗೆ ಹೋಯಿತು. ಶಾಲೆಯ ಕೆಲಸ ಜಾಬ್. ಮನೆಯ ಅಡುಗೆ ವರ್ಕ್. ಹಾಬಿಯ ಎದುರಿಗೆ, ಪೆನ್ನು ತಾನಾಗಿಯೇ ಬರೆಯಿತು: 'ಊರವರ ಕೊಡೆಗಳ ಹಿಂದೆ ಓಡುವುದು ನಮ್ಮ ಮನೆಯವರ ಹಾಬಿ.' ಇಂಗ್ಲಿಷಿನಲ್ಲಿ ಇನ್ನೂ ಸೊಗಸಾಗಿತ್ತು.

ಅದನ್ನು ನಮ್ಮವರು ಕನ್ನಡಕ ಒರೆಸುವ ನೆಪದಲ್ಲಿ ನನ್ನ ಹೆಗಲ ಮೇಲಿಂದ ಓದಿದರು.

"ಹಾಬಿನಾ?"

"ಮತ್ತೇನು?"

"ಸ್ಟಾಂಪು ಅಂಟಿಸೋದು ಹಾಬಿ. ಗಿಳಿ ಸಾಕೋದು ಹಾಬಿ. ನಾನು ಚಪ್ಪಲಿ ಸವೆಸಿದ್ದು ಹಾಬಿನಾ?"

"ಸರ್ಕಾರ ಓಡು ಅಂತ ಹೇಳಿತ್ತಾ? ಇಲ್ಲ. ಸಂಬಳ ಕೊಡ್ತಾ? ಇಲ್ಲ. ನಿಮಗೆ ಖುಷಿಯಾಗ್ತಿತ್ತಾ? ಆಗ್ತಿತ್ತು. ಅಂದ್ಮೇಲೆ ಹಾಬಿ."

"ನೀನು ಅಡುಗೆ ಮಾಡು ಅಂತ ಸರ್ಕಾರ ಹೇಳಿದೆಯಾ? ಸಂಬಳ ಬರುತ್ತಾ? ಅದ್ಯಾಕೆ ವರ್ಕು?"

"ಅದು ಖುಷಿಗಲ್ಲ, ಅದಕ್ಕೆ."

"ನಿನಗೆ ಖುಷಿ ಇಲ್ಲ ಅಂತ ತಿನ್ನೋರಿಗೂ ಗೊತ್ತಾಗುತ್ತೆ ಬಿಡು" ಎಂದರು.

ಇಷ್ಟಾದ ಮೇಲೆ ಆ ವಾಕ್ಯವನ್ನು ಬದಲಿಸುವ ಪ್ರಶ್ನೆಯೇ ಇರಲಿಲ್ಲ. ಅಂದಿನಿಂದ ನಮ್ಮವರು ಒಂದು ವ್ರತ ಹಿಡಿದರು: ಇನ್ನು ಓಡುವುದಿಲ್ಲ. ಜಗಲಿಯ ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಎದುರಿನ ನಿಲ್ದಾಣದ ಕಟ್ಟೆಯ ಮೇಲೆ ಯಾರಾದರೂ ಚೀಲ ಮರೆತು ಬಸ್ಸು ಹತ್ತಿದರೆ, "ಅಗೋ, ಬಿಟ್ಟು ಹೋದ್ರು" ಎಂದು ವರದಿ ಒಪ್ಪಿಸಿ ಮತ್ತೆ ಕೂರುತ್ತಿದ್ದರು. ಮನೆಯಲ್ಲಿ ಇಂಥ ಶಾಂತಿಗಾಗಿ ನಾನು ಎಷ್ಟು ವರ್ಷ ಹಂಬಲಿಸಿದ್ದೆ. ಬಂದ ಮೇಲೆ ನೋಡಿದರೆ ಅದು ಮುಖ ಊದಿಸಿಕೊಂಡು ಬಂದಿತ್ತು.

ಮಗಳು ರಜೆಗೆ ಬಂದವಳು ಎರಡೂ ಕಡೆಯ ವಾದ ಕೇಳಿದಳು. "ಒಂದು ಪದ ತಾನೇ ಅಮ್ಮ, ಬದಲಾಯಿಸಿಬಿಡು. ಅಪ್ಪ ಹಲ್ಲು ಕಡಿದು ಕಡಿದು ಸವೆಸ್ಕೊಳ್ತಿದ್ದಾರೆ. ಆಮೇಲೆ ನನ್ನ ಹತ್ರಾನೇ ಬರೋದು."

"ಮಕ್ಕಳಿಗೆ ತಪ್ಪು ಕಲಿಸೋಕಾಗಲ್ಲ" ಎಂದೆ ನಾನು, ಉಪನಿಷತ್ತಿನ ಗಾಂಭೀರ್ಯದಿಂದ.

ಹಸ್ತಪ್ರತಿ ಒಪ್ಪಿಸಬೇಕಾದ ದಿನ ಬಂತು. ಪ್ರೆಸ್ಸಿನವರು ಖಂಡಿತವಾಗಿ ಹೇಳಿದ್ದರು: ಸಂಜೆಯೊಳಗೆ ಕೈಸೇರದಿದ್ದರೆ ನನ್ನ ಪುಸ್ತಕದ ಜಾಗದಲ್ಲಿ ಗಣಿತದ ಗೈಡು ಯಂತ್ರವೇರುತ್ತದೆ, ಶಾಲೆ ತೆರೆಯುವ ಕಾಲ ಕಾಯುವುದಿಲ್ಲ. ಮಗಳು ಕೊಟ್ಟ ಹೊಚ್ಚಹೊಸ ನೀಲಿ ಚೀಲದಲ್ಲಿ ಪ್ರತಿಯನ್ನಿಟ್ಟು, ನಮ್ಮವರನ್ನೂ ಜತೆಗೆ ಹೊರಡಿಸಿಕೊಂಡು ಮಧ್ಯಾಹ್ನವೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಚೇಸ್ ಮತ್ತು ಪರ್ಸ್ಯೂಟ್‌ಗಳ ವ್ಯತ್ಯಾಸವನ್ನು ಅವರಿಗೆ ವಿವರಿಸಿದೆ. ಕಣ್ಣಿಗೆ ಕಾಣುವುದರ ಹಿಂದೆ ಬೀಳುವುದು ಚೇಸ್. ಕಾಣದಿದ್ದರೂ ಬಿಡದೆ ಅರಸುವುದು ಪರ್ಸ್ಯೂಟ್. ಪಾಠ ಮಾಡುವಾಗ ನನಗೆ ಎರಡು ಕೈಯೂ ಬೇಕು. ಆದ್ದರಿಂದ ಚೀಲವನ್ನು ಪಕ್ಕದಲ್ಲಿಟ್ಟಿದ್ದೆ.

ಇಳಿದೆವು. ಬಸ್ಸು ಹೊರಟಿತು. ನನ್ನ ಕೈಯಲ್ಲಿ ಕೊಡೆಯಿತ್ತು. (ಕೊಡೆಯನ್ನು ಆ ಮೊದಲ ದಿನದ ನಂತರ ನಾನು ಎಂದೂ ಬಿಟ್ಟಿಲ್ಲ.) ಚೀಲವಿರಲಿಲ್ಲ.

"ರೀ, ನನ್ನ ಚೀಲ. ಪುಸ್ತಕ ಅದರಲ್ಲೇ ಇದೆ. ಓಡ್ರೀ."

ನಮ್ಮವರು ಬಸ್ಸನ್ನು ನೋಡಿದರು, ನನ್ನನ್ನು ನೋಡಿದರು, ಕೈಕಟ್ಟಿಕೊಂಡರು.

"ಆ ಹಾಬಿ ಬಿಟ್ಟುಬಿಟ್ಟಿದ್ದೀನಲ್ಲ" ಎಂದರು.

ಉತ್ತರ ಕೊಡಲು ಸಮಯವಿರಲಿಲ್ಲ. ಓಡಿದೆ. ಹೈಸ್ಕೂಲಿನಲ್ಲಿ ನಿಂಬೆಹಣ್ಣು ಚಮಚದ ಓಟದ ನಂತರ ನಾನು ಓಡಿದ್ದು ಅಂದೇ. ಕೊಡೆಯನ್ನು ಈಟಿಯಂತೆ ಮುಂದಕ್ಕೆ ಚಾಚಿ, ಹಣ್ಣಿನ ಗಾಡಿಯನ್ನು ಬಳಸಿ, ದರ್ಜಿಯ ಅಂಗಡಿ ದಾಟಿ, ಯುದ್ಧಕ್ಕೆ ಹೊರಟ ರಾಣಿಯಂತೆ ನುಗ್ಗಿದೆ. ಕ್ಷೌರದಂಗಡಿಯ ಬಾಗಿಲಲ್ಲಿ ನನ್ನ ಹಳೆಯ ವಿದ್ಯಾರ್ಥಿ ಕತ್ತಿ ಹಿಡಿದು ನಿಂತಿದ್ದ; ಅವನ ಹಿಂದೆ ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿಯೂ ನೋಡಲು ಎದ್ದು ಬಂದಿದ್ದರು.

"ಮಿಸ್, ವರಾಂಡದಲ್ಲಿ ಓಡಬಾರದು ಅಂತ ನೀವೇ ಹೇಳ್ತಿದ್ರಿ" ಎಂದ.

"ಇದು ವರಾಂಡ ಅಲ್ಲಪ್ಪ, ರಸ್ತೆ" ಎಂದು ಏದುಸಿರಿನಲ್ಲೇ ತಿದ್ದಿದೆ.

ಬಸ್ಸು ಬೇಕರಿಯ ತಿರುವಿನಲ್ಲಿ ಮರೆಯಾಯಿತು. ನಾನು ಬೇಕರಿಯ ಮೆಟ್ಟಿಲ ಮೇಲೆ ಕೂತೆ. ನಮ್ಮವರು ಸಂಜೆಯ ವಾಯುವಿಹಾರದ ಹೆಜ್ಜೆಯಲ್ಲಿ ಬಂದು ಪಕ್ಕದಲ್ಲಿ ನಿಂತರು.

"ಓಟ ಪರವಾಗಿಲ್ಲ. ಆದ್ರೆ ಬಸ್ಸಿನ ಬೆನ್ನು ನೋಡ್ಕೊಂಡು ಓಡಬಾರದು. ಅದು ಸುತ್ತಾಕಿ ಬರುತ್ತೆ. ಈ ಪಕ್ಕದ ಓಣೀಲಿ ನುಗ್ಗಿದ್ರೆ ನೀನು ಮುಂದಿನ ಸ್ಟಾಪಲ್ಲಿ ಅದಕ್ಕಿಂತ ಮೊದಲೇ ನಿಂತಿರ್ತಿದ್ದೆ."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ನೀನು ಬಸ್ಸಲ್ಲಿ ನನಗೆ ಮಾತಾಡೋಕೆ ಎಲ್ಲಿ ಬಿಟ್ಟೆ?"

ಡಿಪೋಗೆ ಹೋದೆವು. ಅವರ ಜಾಗದಲ್ಲಿ ಈಗ ಅವರ ಕೈಕೆಳಗೆ ಪಳಗಿದ ಹೆಂಗಸೊಬ್ಬಳಿದ್ದಾಳೆ. ಕಂಡದ್ದಕ್ಕೆಲ್ಲ ಚೀಟಿ ಕಟ್ಟುತ್ತಾಳೆಂದು ಎಲ್ಲರೂ ಅವಳನ್ನು ಚೀಟಿಯಮ್ಮ ಎನ್ನುತ್ತಾರೆ. "ಬನ್ನಿ ಸಾರ್, ಬನ್ನಿ ಮೇಡಂ" ಎಂದು ಎದ್ದು ನಿಂತಳು. ಅವರಿಗೆ ಕುರ್ಚಿ ಕೊಟ್ಟಳು. ಅವಳ ಹಿಂದಿನ ಗೂಡಿನಲ್ಲಿ ನನ್ನ ನೀಲಿ ಚೀಲ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು, ಗುರುತಿಲ್ಲದವರಂತೆ ಕೂತಿತ್ತು. ಕಂಡಕ್ಟರು ಆಗಲೇ ತಂದುಕೊಟ್ಟಿದ್ದ.

"ಅದೇ ನನ್ನದು ಕಣಮ್ಮ. ಕೊಡು."

"ಕೊಡ್ತೀನಿ ಮೇಡಂ. ಅದರ ದೋಷ ಹೇಳಿಬಿಡಿ."

"ನನ್ನ ಗುರುತಿಲ್ವಾ ನಿನಗೆ?"

"ನಿಮ್ಮ ಗುರುತಿದೆ. ಚೀಲದ ಗುರುತಿಲ್ಲ. ಸಾರ್ ಹೆಂಡತಿ ಅಂತ ಬಿಟ್ರೆ ಸಾರ್ ಕಲಿಸಿದ್ದಕ್ಕೆ ಏನು ಬೆಲೆ?"

ಸಾರ್ ಛಾವಣಿಯ ಫ್ಯಾನನ್ನು ಅಧ್ಯಯನ ಮಾಡುತ್ತಿದ್ದರು.

"ಚೀಲ ಹೊಸದು. ದೋಷ ಎಲ್ಲಿಂದ ಬರುತ್ತೆ?"

"ಒಳಗಿರೋದರ ದೋಷ ಹೇಳಿ."

"ಒಳಗಿರೋದು ನಾನು ಬರೆದ ಪುಸ್ತಕ. ಅದರಲ್ಲಿ ದೋಷ ಇಲ್ಲ."

"ಹಾಗಾದ್ರೆ ಅದು ನಿಮ್ಮದಲ್ಲ ಮೇಡಂ" ಎಂದಳು ಚೀಟಿಯಮ್ಮ. ಅದೇ ಮಾತು, ಅದೇ ವಿನಯ.

ನನ್ನ ಹಿಂದೆ ಟೋಪಿ ಕಳೆದುಕೊಂಡ ಗೃಹಸ್ಥರೊಬ್ಬರು ಬರಿತಲೆಯಲ್ಲಿ ಕಾಯುತ್ತಿದ್ದರು. "ಅಮ್ಮಾ, ಯಾವುದಾದರೂ ಒಂದು ತಪ್ಪು ಒಪ್ಕೊಂಡುಬಿಡಿ. ನನ್ನ ಟೋಪಿ ಒಳಗಿದೆ. ಅದಕ್ಕೆ ಬೆವರಿನ ಕಲೆ ಇದೆ, ಇಲಿ ಕಡಿದಿದೆ, ನಾನು ಎಲ್ಲಾ ಹೇಳೋಕೆ ತಯಾರಿದ್ದೀನಿ."

ಗೋಡೆಯ ಗಡಿಯಾರ ಗಣಿತದ ಗೈಡಿನ ಕಡೆ ಸರಿಯುತ್ತಿತ್ತು. ನಾನು ಗೂಡುಗಳನ್ನು ನೋಡುತ್ತ ನಿಂತೆ. ಅವರಿದ್ದಾಗ ಇಲ್ಲಿಗೆ ಬಂದಾಗಲೆಲ್ಲ ಆ ಗೂಡುಗಳು ಖಾಲಿ ಹೊಡೆಯುತ್ತಿದ್ದವು. ಈಗ ಕೊಡೆಗಳು ನೆಲದಿಂದ ಸೂರಿನವರೆಗೆ, ಕಟ್ಟಿಗೆಯಂತೆ ಒಟ್ಟಿಕೊಂಡಿದ್ದವು. ಒಂದು ಪುಟ್ಟ ಮಗುವಿನ ಹಳದಿ ಕೊಡೆ. ಕನ್ನಡಕಗಳು. ಒಂಟಿ ಕೈಗವಸು. ಚೀಟಿಯಮ್ಮ ತನ್ನ ಜಾಬ್ ಸರಿಯಾಗಿಯೇ ಮಾಡುತ್ತಿದ್ದಳು, ಕೂತು ಕಾಯುತ್ತಿದ್ದಳು. ಎಲ್ಲವೂ ಕಾಯುತ್ತಿದ್ದವು.

"ಒಂದು ವಾಕ್ಯ ತಪ್ಪಿದೆ" ಎಂದೆ.

"ಯಾವುದು ಮೇಡಂ?"

"ಊರವರ ಕೊಡೆಗಳ ಹಿಂದೆ ಓಡೋದು ನಮ್ಮ ಮನೆಯವರ ಹಾಬಿ ಅಂತ ಬರೆದಿದ್ದೀನಿ. ಅದು ವರ್ಕ್ ಅಂತ ಆಗಬೇಕು."

ಚೀಟಿಯಮ್ಮ ಹಾಳೆ ತಿರುವಿ, ವಾಕ್ಯ ಹುಡುಕಿ, ತಲೆಯಾಡಿಸಿ ಚೀಲಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಕುರ್ಚಿಯಿಂದ ನಮ್ಮವರು ಎದ್ದು ನಿಂತರು. ಜನರ ಎದುರಿಗೆ ನಾನು ತಪ್ಪೊಪ್ಪಿಕೊಂಡದ್ದನ್ನು ಅವರ ಕರುಳು ತಾಳಲಿಲ್ಲ.

"ಇಲ್ಲಮ್ಮ, ಆ ವಾಕ್ಯ ಸರಿಯಾಗೇ ಇದೆ. ನನಗೆ ಖುಷಿ ಆಗ್ತಿತ್ತು. ಯಾರೂ ಓಡು ಅಂದಿರಲಿಲ್ಲ. ಹಾಬೀನೇ ಅದು."

ಚೀಟಿಯಮ್ಮ ಚೀಲವನ್ನು ಮತ್ತೆ ಗೂಡಿಗಿಟ್ಟಳು. "ವಾಕ್ಯ ಸರಿ ಇದ್ರೆ ದೋಷ ಇಲ್ಲ. ದೋಷ ಇಲ್ಲ ಅಂದ್ರೆ ಇವರದ್ದಲ್ಲ."

"ರೀ, ಸುಮ್ಮನಿರಿ. ಅದು ವರ್ಕ್."

"ಹಾಬಿ ಕಣೇ. ನೀನು ಬರೆದದ್ದೇ ಸರಿ."

"ನಾನು ಬರೆದದ್ದು ತಪ್ಪು ಅಂತ ನಾನೇ ಹೇಳ್ತಿದ್ದೀನಲ್ಲ. ರಜದ ದಿನ ಅಷ್ಟು ಶಾಲೆ ಹತ್ತಿಳಿದು ಬಂದೋರು ಯಾರು? ಅದನ್ನ ಹಾಬಿ ಅಂತಾರಾ?"

"ಅವತ್ತಂತೂ ಬರೀ ಖುಷಿಗೇ ಬಂದದ್ದು. ನೀನು ಬಸ್ ಹತ್ತೋದನ್ನ ಮೊದಲೇ ನೋಡಿದ್ದೆ."

ಇಷ್ಟು ವರ್ಷ ಈ ಮನುಷ್ಯ ಸೀಮೆಸುಣ್ಣದ ಪುಡಿಯ ಕಥೆ ಹೇಳಿಕೊಂಡು ಬಂದಿದ್ದರು. ಟೋಪಿಯ ಗೃಹಸ್ಥರು ಇಲ್ಲದ ಟೋಪಿಯನ್ನು ಎತ್ತುವಂತೆ ತಲೆ ಮುಟ್ಟಿಕೊಂಡರು.

"ಸುಳ್ಳುಗಾರರು" ಎಂದೆ.

"ಪುಡಿಯೂ ಇತ್ತು" ಎಂದರು.

ಚೀಟಿಯಮ್ಮ ಚೀಟಿಯನ್ನು ಕತ್ತರಿಸಿ ಚೀಲವನ್ನು ನನ್ನ ಮುಂದೆ ತಳ್ಳಿದಳು. "ತಗೊಂಡು ಹೋಗಿ ಮೇಡಂ. ಒಂದು ವಾಕ್ಯಕ್ಕೆ ಇಷ್ಟು ಹೊತ್ತು ಜಗಳ ಆಡೋರು ಮಾಲೀಕರಲ್ಲದೆ ಬೇರೆ ಯಾರೂ ಆಗಿರೋಕೆ ಸಾಧ್ಯ ಇಲ್ಲ."

ಪ್ರೆಸ್ಸಿಗೆ ಹೋಗುವ ಬಸ್ಸಿನಲ್ಲಿ ಚೀಲ ನನ್ನ ಮಡಿಲಲ್ಲಿತ್ತು, ಪೆನ್ನು ಸರದಿಯಂತೆ ಇಬ್ಬರ ಕೈಯಲ್ಲೂ ಇತ್ತು. ನಾನು ಹಾಬಿ ಹೊಡೆದು ವರ್ಕ್ ಎಂದು ಬರೆದೆ. ಅವರು ವರ್ಕ್ ಹೊಡೆದು ಹಾಬಿ ಎಂದು ಬರೆದರು. ಯಂತ್ರದ ಮುಂದೆ ಕಾಯುತ್ತಿದ್ದ ಯಜಮಾನರು ಆ ಸಾಲನ್ನು ಕನ್ನಡಕ ಹಾಕಿಕೊಂಡೂ ತೆಗೆದೂ ನೋಡಿದರು. ಅಲ್ಲಿ ಈಗ ಒಂದು ಮಸಿಯ ಗುಡ್ಡವಿತ್ತು. ಅವರಿಗೆ ಹೊತ್ತಾಗಿತ್ತು. ಆ ಜಾಗವನ್ನು ಖಾಲಿ ಬಿಟ್ಟು, 'ಬಿಟ್ಟ ಸ್ಥಳವನ್ನು ಸೂಕ್ತ ಪದದಿಂದ ತುಂಬಿರಿ' ಎಂಬ ಶೀರ್ಷಿಕೆಯ ಕೆಳಗೆ ಅಚ್ಚು ಹಾಕಿಬಿಟ್ಟರು.

ಪುಸ್ತಕ ಬಂದಿದೆ. ರಟ್ಟಿನ ಮೇಲೆ ನನ್ನ ಹೆಸರಿದೆ. ಜಗಲಿಯ ಮೇಲೆ ಸಂಜೆ ಪಾಠಕ್ಕೆ ಬರುವ ಮಕ್ಕಳು ಆ ಖಾಲಿ ಜಾಗವನ್ನು ಮನಸ್ಸಿಗೆ ತೋಚಿದಂತೆ ತುಂಬುತ್ತಾರೆ. ಕೆಲವರು ವರ್ಕ್, ಕೆಲವರು ಹಾಬಿ. ಒಬ್ಬ ಹುಡುಗ ಫೀವರ್ ಎಂದು ಬರೆದಿದ್ದ. ಮೊನ್ನೆ ಒಬ್ಬ ಪುಟ್ಟ ಹುಡುಗಿ 'ವೈಫ್' ಎಂದು ಬರೆದು ತಂದಳು. ಊರವರ ಕೊಡೆಗಳ ಹಿಂದೆ ಓಡುವುದು ನಮ್ಮ ಮನೆಯವರ ಹೆಂಡತಿ. ವ್ಯಾಕರಣದಲ್ಲಿ ಅದಕ್ಕೆ ಕ್ಷಮೆಯಿಲ್ಲ. ಕೆಂಪು ಪೆನ್ನು ಎತ್ತಿದೆ.

"ಟೀಚರಮ್ಮ" ಎಂದು ಅಷ್ಟರಲ್ಲಿ ಕುರ್ಚಿಯಿಂದ ಕೂಗು ಬಂತು. ನಮ್ಮವರು ಈಗ ಮಂಡಿನೋವೆಂದು ಜಗಲಿ ಬಿಟ್ಟು ಇಳಿಯುವುದಿಲ್ಲ. ಕಾಲನ್ನು ಮೋಡದ ಮೇಲಿಟ್ಟಂತೆ ದಿಂಬಿನ ಮೇಲಿಟ್ಟುಕೊಂಡು, ಬಿಸಿ ಕಾಫಿ ಹೀರುತ್ತ, ದೂರದ ಕನ್ನಡಕದಲ್ಲಿ ನಿಲ್ದಾಣವನ್ನು ಕಾಯುತ್ತಾರೆ. "ಹಸಿರು ಕೊಡೆ. ಕಟ್ಟೆ ಮೇಲೆ. ಮಾಲೀಕರು ಈಗಷ್ಟೇ ಹತ್ತಿದ್ರು. ಓಣೀಲಿ ಹೋಗು, ಬಸ್ಸಿನ ಬೆನ್ನು ನೋಡಬೇಡ."

ನಾನು ಆ ಹುಡುಗಿಯ ಉತ್ತರಕ್ಕೆ ಸರಿ ಗುರುತು ಹಾಕಿ, ಚಪ್ಪಲಿ ಮೆಟ್ಟಿಕೊಂಡೆ.